ಕಣಿವೆ ಕಡೆಯ ಕಾಲು

ಓ ಆಚೆ ಬದಿಯವರೇ! ಸ್ವಲ್ಪ ನಿಲ್ಲಿ, ರಸ್ತೆ ಆಮೇಲೆ ದಾಟುವಿರಂತೆ. ಮಟಾಟು ವ್ಯಾನು ಎಲ್ಲಿಗೂ ಓಡಿಹೋಗುವುದಿಲ್ಲ, ಒಂದು ಹೋದರೆ ಅದರ ಬೆನ್ನಿಗೇ ಇನ್ನೊಂದು ಹಾರ್ನ್ ಹೊಡೆದುಕೊಂಡು ಬರುತ್ತದೆ. ಅಲ್ಲಿ ನೋಡಿ, ಕಸರಾನಿ ಸ್ಟೇಡಿಯಂ ಗೇಟಿನ ಹತ್ತಿರ ಕೋಲೂರಿಕೊಂಡು, ಬಲಗಾಲನ್ನು ಒಂದು ಗಳಿಗೆ ತಡವಾಗಿ ಎಳೆದುಕೊಂಡು ಬರುತ್ತಿದ್ದಾರಲ್ಲ, ನೀಲಿ ಸ್ವೆಟರಿನವರು, ಅವರೇ ದ್ವಾರಕಾನಾಥ್. ಆ ಕಾಲಿನ ಬಗ್ಗೆ ನೈರೋಬಿಯ ನಮ್ಮ ಕನ್ನಡದವರಲ್ಲಿ ಹತ್ತು ಕಥೆ ಓಡಾಡುತ್ತಿವೆ. ಸ್ಪ್ರಿಂಗ್ ವ್ಯಾಲಿಯವರು ಮೊಬೈಲ್ ಟವರಿನಿಂದ ಬಿದ್ದರು ಅನ್ನುತ್ತಾರೆ. ರಿವರ್‌ಸೈಡಿನವರು ಬೈಕು ಗುದ್ದಿತು ಅನ್ನುತ್ತಾರೆ. ಎರಡೂ ಸುಳ್ಳು. ನಡೆದದ್ದು ಬೇರೆ. ಹತ್ತಿರ ಬನ್ನಿ, ಹೇಳುವುದನ್ನು ಪೂರ್ತಿ ಕೇಳಿಕೊಂಡೇ ಹೋಗಿ.

ದ್ವಾರಕಾನಾಥ್ ನೈರೋಬಿಗೆ ಬಂದದ್ದು ಎರಡು ವರ್ಷದ ಪೋಸ್ಟಿಂಗಿಗೆ. ಆಗ ಅವರ ತಲೆಯಲ್ಲಿ ಕೂದಲಿತ್ತು, ಕೈಯಲ್ಲಿ ಒಂದು ಸೂಟ್‌ಕೇಸಿತ್ತು. ಎರಡು ವರ್ಷ ಹತ್ತೊಂಬತ್ತಾಯಿತು. ಕಂಪನಿ ಪ್ರತಿ ಸಲವೂ "ಇನ್ನೊಂದು ವರ್ಷ ಇರ್ತೀರಾ?" ಅಂತ ಕೇಳುತ್ತಿತ್ತು, ಅವರು "ಆಗ್ಲಿ ಬಿಡಿ" ಅನ್ನುತ್ತಿದ್ದರು. ಕನ್ನಡದವರೆಲ್ಲ ವೆಸ್ಟ್‌ಲ್ಯಾಂಡ್ಸ್ ಸುತ್ತಮುತ್ತ ಮನೆ ಮಾಡಿದರೆ ಇವರೊಬ್ಬರು ಕಸರಾನಿಯಲ್ಲಿ ಉಳಿದದ್ದೂ ಹಾಗೆಯೇ. ಬಾಡಿಗೆ ಮನೆಯ ಯಜಮಾನತಿ "ನೀವು ಬಿಟ್ಟು ಹೋದರೆ ನನಗೆ ನಿಮ್ಮಂಥವರು ಸಿಗುವುದಿಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಅಷ್ಟು ಸಾಕಾಯಿತು. ಹೆಂಡತಿ ಉಷಾ ಹೇಳುವುದುಂಟು: "ಸಾರಿಗೆ ಉಪ್ಪು ಇಲ್ಲ ಅಂತ ಹೇಳೋಕೂ ನಿಮ್ಮ ಬಾಯಿಗೆ ಆ ಮಾತು ಬರಲ್ಲ. ಇಲ್ಲ ಅಂದ್ರೆ ನಾಲಿಗೆ ಏನು ಉದುರಿ ಹೋಗತ್ತಾ?"

ಅವರ ಕೆಲಸ ಗುಡ್ಡ ಹುಡುಕುವುದು. ಎಲ್ಲಿ ಟವರ್ ನಿಲ್ಲಿಸಿದರೆ ಯಾವ ಹಳ್ಳಿಗೆ ಸಿಗ್ನಲ್ ಮುಟ್ಟುತ್ತದೆ ಎಂದು ಕಾಲ್ನಡಿಗೆಯಲ್ಲೇ ಹತ್ತಿ ನೋಡಿ ಬರುವ ಮನುಷ್ಯ. ಹಾಗಾಗಿ ಕಾಲು ಗಟ್ಟಿಯಾಯಿತು, ಏರು ರೂಢಿಯಾಯಿತು. ಹೊಸದಾಗಿ ಬಂದ ಕನ್ನಡದ ಹುಡುಗರಿಗೆ ಗೊಂಗ್ ಗುಡ್ಡ, ಲೊಂಗೊನಾಟ್ ತೋರಿಸುವುದು ಅವರ ಪಾಲಿಗೆ ಬಂತು. ವರ್ಷಕ್ಕೊಮ್ಮೆ ಮೌಂಟ್ ಕೆನ್ಯಾ. ನಡೆದು ಹೋಗಬಹುದಾದ ತುದಿ ಲೆನಾನಾ, ಸುಮಾರು ಐದು ಸಾವಿರ ಮೀಟರು. ಹನ್ನೊಂದು ಸಲ ಹತ್ತಿ ಇಳಿದಿದ್ದರು. ಆದರೆ ಹನ್ನೊಂದೂ ಸಲ ಹೋದದ್ದು ಒಣ ತಿಂಗಳಲ್ಲಿ, ಜನವರಿಯಲ್ಲೋ ಫೆಬ್ರವರಿಯಲ್ಲೋ, ಕಲ್ಲು ಬೆಚ್ಚಗಿರುವಾಗ.

ಆ ವರ್ಷ ಮಾತ್ರ ಹೊರಟದ್ದು ಮೇ ಕೊನೆಗೆ.

ಕಾರಣ ವೈಭವ್. ಇಪ್ಪತ್ತೊಂಬತ್ತು ವಯಸ್ಸು, ಬ್ಯಾಂಕೊಂದರ ಐಟಿ ವಿಭಾಗದಲ್ಲಿ ಕೆಲಸ, ರಿವರ್‌ಸೈಡಿನಲ್ಲಿ ಫ್ಲ್ಯಾಟು. ಜೊತೆಗೆ ಹೆಂಡತಿ ಪ್ರಣತಿ. ಜೂನ್ ಮಧ್ಯಕ್ಕೆ ಅವನ ಪೋಸ್ಟಿಂಗ್ ಮುಗಿಯುತ್ತಿತ್ತು. "ಅಂಕಲ್, ಜೂನ್ ಒಂದರ ಮಡರಾಕ ದಿನದ ರಜೆ ಸೇರಿಸ್ಕೊಂಡ್ರೆ ನಾಲ್ಕು ದಿನ ಸಿಗತ್ತೆ. ನೀವಿದ್ರೆ ಮಾತ್ರ ಅಮ್ಮ ಬಿಡೋದು," ಅಂದ. ದೊಡ್ಡ ಮಳೆ ಆಗಷ್ಟೇ ಹಿಂದೆ ಸರಿಯುತ್ತಿದ್ದ ಹೊತ್ತು. ಕೆಳಗೆ ಸುರಿದ ಮಳೆ ಮೇಲೆ ಹಿಮವಾಗಿ ಬಿದ್ದಿರುತ್ತದೆ, ಹಗಲಿನ ಬಿಸಿಲಿಗೆ ಕರಗಿ ಇರುಳಿಗೆ ಗಾಜಾಗುತ್ತದೆ ಎಂಬುದು ದ್ವಾರಕಾನಾಥ್‌ಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಹೇಳಿದ್ದು: "ಆಗ್ಲಿ ಬಿಡಪ್ಪ, ನೋಡೋಣ."

ಬೆಟ್ಟದ ಬುಡದ ನನ್ಯುಕಿಯಲ್ಲಿ ಅವರ ಹಳೆಯ ಗೈಡ್ ಗ್ಲೋರಿಯಾ ಇದ್ದಳು. ಹನ್ನೊಂದರಲ್ಲಿ ಎಂಟು ಸಲ ಅವಳ ಹಿಂದೆಯೇ ಹತ್ತಿದವರು ಇವರು. ಹಿರಿಯರನ್ನು ಅಲ್ಲಿನವರು ಕರೆಯುವ ಹಾಗೆ ಇವರನ್ನು 'ಮ್ಜೇ' ಎಂದೇ ಕರೆಯುತ್ತಿದ್ದಳು. ಇವರು ಫೋನು ಮಾಡಿದಾಗ ಅವಳು ಮೊದಲು ಹಿಮದ ಮಾತೇ ತೆಗೆದಳು.

"ಮ್ಜೇ, ಹೋದ ವಾರ ಇಬ್ಬರು ಅರ್ಧಕ್ಕೇ ವಾಪಸ್ ಬಂದ್ರು. ಕೊಳದ ಮೇಲಿನ ಇಳಿಜಾರು ಪೂರ್ತಿ ಬಿಳಿಯಾಗಿದೆ. ಕಾಲಿಗೆ ಹಲ್ಲು ಬೇಕು. ನನ್ನದು ನನ್ನ ಹತ್ರ ಇದೆ. ನಿಮ್ಮಲ್ಲಿ ಒಬ್ಬೊಬ್ಬರಿಗೂ ಬೇಕು."

ಹಲ್ಲು ಅಂದರೆ ಸ್ಪೈಕ್ಸ್. ಶೂ ಮೇಲೆ ಎಳೆದು ಹಾಕುವ ದಪ್ಪ ರಬ್ಬರ್ ಪಟ್ಟಿ, ಅಡಿಗೆ ಸರಪಳಿ, ಸರಪಳಿಯ ತುಂಬ ಉಕ್ಕಿನ ಮೊಳೆ. ಗಟ್ಟಿ ಹಿಮಕ್ಕೆ ಅದು ಕಚ್ಚಿಕೊಂಡರೆ ಮನುಷ್ಯ ನಿಲ್ಲುತ್ತಾನೆ, ಇಲ್ಲದಿದ್ದರೆ ಇಲ್ಲ. ನೈರೋಬಿಯ ಅಂಗಡಿಗಳಲ್ಲಿ ಹುಡುಕಿದರೆ ಸಿಗಲಿಲ್ಲ. ಆಗ ನಮ್ಮವರೆಲ್ಲ ಮಾಡುವುದನ್ನೇ ಮಾಡಿದರು. ಬೆಂಗಳೂರಿನಿಂದ ಯಾರು ಬರುತ್ತಿದ್ದಾರೆ? ಅವರ ಕೈಲಿ ತರಿಸು. ಮಿಕ್ಸಿ ಜಾರು, ಹುರಿಹಿಟ್ಟು, ಬಿಪಿ ಮಾತ್ರೆ, ಜನಿವಾರ, ಎಲ್ಲ ಹಾಗೇ ಬರುವುದು. ವೈಭವ್ ಚಿಕ್ಕಪ್ಪನ ಮಗನ ಮದುವೆಗೆ ಒಬ್ಬನೇ ಊರಿಗೆ ಹೋಗಿದ್ದ. ಮೂರು ಜೊತೆ ತರಬೇಕು ಎಂದು ಹೇಳಿ ಕಳಿಸಿದರು. ತಿರುಗಿ ಬಂದ ಮೇಲೆ ಕೇಳಿದಾಗಲೆಲ್ಲ ಅವನು ಅನ್ನುತ್ತಿದ್ದ: "ಎಲ್ಲಾ ಪ್ಯಾಕ್ ಆಗಿದೆ ಅಂಕಲ್, ನೀವ್ ಟೆನ್ಷನ್ ಮಾಡ್ಕೋಬೇಡಿ."

ಶುಕ್ರವಾರ ಹೊರಟು, ಒಂದು ರಾತ್ರಿ ದಾರಿಯಲ್ಲಿ ಕಳೆದು, ಶನಿವಾರ ಸಂಜೆಗೆ ಶಿಪ್ಟನ್ ಕ್ಯಾಂಪ್ ಮುಟ್ಟಿದರು. ಅಲ್ಲಿಂದ ಮುಂದೆ ಮನೆಯಿಲ್ಲ, ಮರವಿಲ್ಲ. ಕಪ್ಪು ಬಂಡೆಯ ಗೋಡೆ ಎದ್ದು ನಿಂತಿತ್ತು, ಅದರ ಸೀಳುಗಳಲ್ಲಿ ಹಿಮ ಇಳಿದಿತ್ತು. ಗಾಳಿ ನಿಂತಾಗ ಮೇಲೆಲ್ಲೋ ನೀರು ಹರಿಯುವ ಸದ್ದು ಬರುತ್ತಿತ್ತು, ನೀರು ಮಾತ್ರ ಕಾಣುತ್ತಿರಲಿಲ್ಲ. ಹಿಮದ ಅಡಿಯಲ್ಲೇ ಹರಿಯುತ್ತಿತ್ತು. ಕತ್ತಿನಲ್ಲಿ ಬಿಳಿ ಪಟ್ಟಿಯಿದ್ದ ದಪ್ಪ ಕಾಗೆಗಳೆರಡು ಶೆಡ್ಡಿನ ಸೂರಿನ ಮೇಲೆ ಕೂತು ಇವರ ಶೂಗಳನ್ನೇ ನೋಡುತ್ತಿದ್ದವು.

ಚಹಾ ಕುಡಿಯುವಾಗ ವೈಭವ್ ಗಂಟಲು ಸರಿಮಾಡಿಕೊಂಡ.

"ಅಂಕಲ್, ಒಂದ್ ವಿಷ್ಯ ಹೇಳ್ಬೇಕಿತ್ತು."

"ಹೇಳಪ್ಪಾ."

"ಸ್ಪೈಕ್ಸು ಮೂರು ಜೊತೆ ಅಂದಿದ್ರಲ್ಲ. ಎರಡೇ ಇರೋದು."

ಪ್ರಣತಿ ಲೋಟ ಕೆಳಗಿಟ್ಟಳು. "ಎರಡೇನಾ? ಈಗ ಹೇಳ್ತಿದೀಯಾ? ಇಲ್ಲಿ? ಈ ಕಾಗೆಗಳ ಮುಂದೆ?"

"ಏರ್‌ಪೋರ್ಟಲ್ಲಿ ತೂಕ ಜಾಸ್ತಿ ಬಂತು ಕಣೇ. ಬರೀ ನಾನೂರು ಗ್ರಾಂ. ಕೌಂಟರಲ್ಲಿದ್ದೋಳು ಒಂಚೂರೂ ಬಿಡ್ಲಿಲ್ಲ. ಏನಾದ್ರೂ ಒಂದು ತೆಗೀಲೇಬೇಕಿತ್ತು."

"ಮಿಡಿಉಪ್ಪಿನಕಾಯಿ ಡಬ್ಬ ತೆಗೀಬೇಕಿತ್ತು."

"ಅಮ್ಮ ಗಾಜಿನ ಆಚೆ ನಿಂತ್ಕೊಂಡು ನೋಡ್ತಾ ಇದ್ರು. ಅವರ ಕಣ್ಣೆದುರಿಗೆ ಉಪ್ಪಿನಕಾಯಿ ತೆಗೆಯೋ ಧೈರ್ಯ ನಿನಗಿದ್ಯಾ ಹೇಳು. ನನಗಂತೂ ಇಲ್ಲ."

ದ್ವಾರಕಾನಾಥ್‌ಗೆ ಸಿಟ್ಟು ಬಂತೋ ಇಲ್ಲವೋ ಅವರಿಗೇ ತಿಳಿಯಲಿಲ್ಲ. ಗ್ಲೋರಿಯಾಗೆ ವಿಷಯ ಹೇಳಿದರು. ಅವಳು ಎರಡು ಬೆರಳು ಎತ್ತಿದಳು.

"ಎರಡು ಜೊತೆ ಅಂದ್ರೆ ಇಬ್ಬರು ಹತ್ತೋದು. ಒಬ್ಬರು ಇಲ್ಲೇ ಇರೋದು. ಅಷ್ಟೇ."

ಇಲ್ಲಿಗೆ ಮಾತು ಮುಗಿಯಬೇಕಿತ್ತು. ಬೇರೆ ಯಾರೇ ಆಗಿದ್ದರೂ ಮುಗಿಯುತ್ತಿತ್ತು. ಆದರೆ ಅಲ್ಲಿ ಕೂತಿದ್ದವರು ನಮ್ಮವರು.

"ಸರಿ, ನಾನು ಇಲ್ಲೇ ಇರ್ತೀನಿ," ಅಂದರು ದ್ವಾರಕಾನಾಥ್. "ಹನ್ನೊಂದು ಸಲ ನೋಡಿದೀನಿ. ನೀವಿಬ್ರೂ ಗ್ಲೋರಿಯಾ ಜೊತೆ ಹೋಗ್ಬನ್ನಿ."

"ಅಯ್ಯೋ, ನಿಮ್ಮನ್ನ ಇಲ್ಲಿ ಕೂರಿಸಿ ನಾವು ಹೋಗೋದಾ ಅಂಕಲ್? ಚೆನ್ನಾಗಿರತ್ತಾ? ತಪ್ಪು ನಂದು, ನಾನೇ ಇರ್ತೀನಿ."

"ನಿನ್ನ ಬಿಟ್ಟು ನಾನು ಹೋಗ್ಲಾ?" ಅಂದಳು ಪ್ರಣತಿ. "ನನಗೆ ಹೆಂಗೂ ತಲೆನೋವು ಶುರುವಾಗಿದೆ. ನೀವು ಗಂಡಸ್ರು ಹೋಗ್ಬನ್ನಿ."

"ಛೆ ಛೆ, ಅದೆಂಗಾಗತ್ತಮ್ಮಾ? ನೀನ್ ಹೋಗು, ಚಿಕ್ಕೋಳು."

"ನೀವು ಹಿರಿಯರು ಅಂಕಲ್, ನೀವೇ ಹೋಗ್ಬೇಕು."

ಪಂಕ್ತಿಯಲ್ಲಿ ಉಳಿದ ಕೊನೆಯ ಹೋಳಿಗೆ ಎಲೆಯಿಂದ ಎಲೆಗೆ ತಿರುಗಿದ ಹಾಗೆ ಆ ಎರಡು ಜೊತೆ ಸ್ಪೈಕು ಮೂವರ ನಡುವೆ ಅರ್ಧ ಗಂಟೆ ತಿರುಗಿದವು. ಯಾರೂ ಇಟ್ಟುಕೊಳ್ಳಲಿಲ್ಲ, ಯಾರೂ ಬಿಟ್ಟುಕೊಡಲೂ ಇಲ್ಲ. ಮೂವರಿಗೂ ಹೋಗುವ ಆಸೆ, ಮೂವರಿಗೂ ಹೇಳಲು ಸಂಕೋಚ. ಗ್ಲೋರಿಯಾ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತ ಕೂತಿದ್ದಳು. ಕೊನೆಗೆ ದ್ವಾರಕಾನಾಥ್ ಬಾಯಿಂದಲೇ ಆ ಮಾತು ಬಂತು.

"ಒಂದ್ ಕೆಲ್ಸ ಮಾಡೋಣ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಣ. ಪ್ರಣತಿಗೆ ಎರಡೂ ಕಾಲಿಗೆ. ನನಗೊಂದು, ವೈಭವ್‌ಗೊಂದು."

"ಒಂದು ಕಾಲಿಗೆ?" ಅಂದಳು ಗ್ಲೋರಿಯಾ.

ಅವರು ಎಂಜಿನಿಯರು. ಬಿಸ್ಕತ್ತಿನ ಪೊಟ್ಟಣ ಹರಿದು ಅದರ ಒಳಮೈಯಲ್ಲಿ ಪೆನ್ನಿನಿಂದ ಇಳಿಜಾರು ಬರೆದು ತೋರಿಸಿದರು. ಹಿಮವಿರುವುದು ಆ ಒಂದೇ ಇಳಿಜಾರಿನಲ್ಲಿ. ಅದನ್ನು ಅಡ್ಡಲಾಗಿ ದಾಟಬೇಕು, ಎಂಬತ್ತು ಹೆಜ್ಜೆ. ಎಡಕ್ಕೆ ಬೆಟ್ಟ, ಬಲಕ್ಕೆ ಕಣಿವೆ. ಮೈಭಾರ ಬೀಳುವುದು, ಜಾರಿದರೆ ಹಿಡಿಯಬೇಕಾದದ್ದು ಕಣಿವೆ ಕಡೆಯ ಕಾಲು, ಅಂದರೆ ಬಲಗಾಲು. ಬಲಗಾಲಿಗೆ ಹಲ್ಲಿದ್ದರೆ ಸಾಕು. ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ಗ್ಲೋರಿಯಾ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವಳ ಮುಖ ಒಪ್ಪಲಿಲ್ಲ. ಆದರೆ ಎಂಟು ಸಲ ತನ್ನ ಹಿಂದೆ ಬಂದ ಮನುಷ್ಯ, ಬೇಡ ಅನ್ನಲಾಗಲಿಲ್ಲ.

"ಎಂಟು ಗಂಟೆಗೆ ನಾವು ಆ ಇಳಿಜಾರನ್ನ ವಾಪಸ್ ದಾಟಿ ಆಗಿರ್ಬೇಕು," ಅಂದಳು. "ಎಂಟೂವರೆ ಅಲ್ಲ. ಬಿಸಿಲು ಬಿದ್ರೆ ಮೇಲಿನ ಪದರ ಗಂಜಿ ಆಗತ್ತೆ, ಅಡಿಗೆ ಮಂಜುಗಡ್ಡೆ ಹಾಗೇ ಇರತ್ತೆ. ಆಗ ಹಲ್ಲೂ ಕಚ್ಚಲ್ಲ. ಮಾತು ಕೊಡಿ ಮ್ಜೇ."

"ಕೊಟ್ಟೆ."

ಬೆಳಗಿನ ಜಾವಕ್ಕೆ ಹತ್ತಲು ಶುರುಮಾಡಿ, ಕತ್ತಲು ಬೂದಿಯಾಗುವ ಹೊತ್ತಿಗೆ ಇಳಿಜಾರಿನ ಅಂಚಿಗೆ ಬಂದರು. ಹಿಮ ಕಬ್ಬಿಣದ ಹಾಗೆ ಗಟ್ಟಿಯಾಗಿತ್ತು. ಅರವತ್ತು ಮೀಟರ್ ಕೆಳಗೆ ಸಣ್ಣದೊಂದು ಕೊಳ, ಅದರ ದಡದ ತುಂಬ ಚೂಪು ಕಲ್ಲು. ಇಳಿಜಾರಿನ ಮೇಲೆ ಯಾರದೋ ಹಳೆಯ ಹೆಜ್ಜೆಗಳಿದ್ದವು, ಹೆಪ್ಪುಗಟ್ಟಿ ಬಟ್ಟಲಿನಂತಾಗಿದ್ದವು. ನಡುವಿನ ತನಕ ಹೋಗಿದ್ದವು. ಅಲ್ಲಿಂದ ಮುಂದೆ ಹೆಜ್ಜೆ ಇರಲಿಲ್ಲ. ಹಿಂತಿರುಗಿದ ಗುರುತು ಹುಡುಕಿ ಸಿಕ್ಕಿದ ಮೇಲೆ ದ್ವಾರಕಾನಾಥ್ ಉಸಿರು ಬಿಟ್ಟರು.

ದಾಟುವಾಗ ಲೆಕ್ಕ ಸರಿಹೋಯಿತು. ಬಲಗಾಲು ಕಚ್ಚುತ್ತಿತ್ತು, ಕರ್ ಕರ್ ಎಂದು. ಎಡಗಾಲನ್ನು ಮೆಲ್ಲಗೆ ತಂದು ಊರಿದರೆ ಸಾಕಿತ್ತು. "ನೋಡಿದ್ರಾ ಅಂಕಲ್, ಸೂಪರ್ ಐಡಿಯಾ," ಅಂದ ವೈಭವ್ ಆಚೆ ಬಂಡೆ ಮುಟ್ಟಿ. ಗ್ಲೋರಿಯಾ ನಗಲಿಲ್ಲ. ಸ್ಪೈಕು ಬಿಚ್ಚುವುದು ಬೇಡ, ರಬ್ಬರು ಚಳಿಗೆ ಸೆಟೆದಿದೆ, ಮತ್ತೆ ಹಾಕಲು ಹೊತ್ತಾಗುತ್ತದೆ ಎಂದಳು. ಹಾಗೇ ಬಂಡೆಯ ಮೇಲೆ ಸರಪಳಿ ಕಿರುಗುಟ್ಟಿಸಿಕೊಂಡು ಹತ್ತಿ ಆರೂ ಮುಕ್ಕಾಲಿಗೆ ತುದಿ ಮುಟ್ಟಿದರು.

ಏಳಕ್ಕೆ ಇಳಿಯಬೇಕಿತ್ತು. ವೈಭವ್ ಒಳಕೋಟಿನಿಂದ ಹಳದಿ ಕೆಂಪು ಬಾವುಟ ತೆಗೆದ. ಬಾವುಟ ಹಿಡಿದು ಒಂದು ಫೋಟೋ, ಪ್ರಣತಿ ಜೊತೆ ಒಂದು, ಮೂವರೂ ಒಂದು, ಗ್ಲೋರಿಯಾ ಬನ್ನಿ ನೀವೂ ಒಂದು. ಗಾಳಿಗೆ ಬಾವುಟ ಮುಖ ಮುಚ್ಚುತ್ತಿತ್ತು, ಮತ್ತೆ ತೆಗೆಯಬೇಕಿತ್ತು. ಅಷ್ಟರಲ್ಲಿ ಅವನ ಫೋನಿಗೆ ಸಿಗ್ನಲ್ ಬಂತು. ತುದಿಯಲ್ಲಿ ಸಿಗ್ನಲ್ ಬರುತ್ತದೆ ಎಂದು ಇಡೀ ದಾರಿ ಹೆಮ್ಮೆಯಿಂದ ಹೇಳಿದವರು ದ್ವಾರಕಾನಾಥರೇ.

"ಅಮ್ಮಂಗೆ ವಿಡಿಯೋ ಕಾಲ್ ಮಾಡ್ಲಾ ಅಂಕಲ್? ಎರಡೇ ನಿಮಿಷ."

ಗಡಿಯಾರ ಏಳೂ ಕಾಲು ತೋರಿಸುತ್ತಿತ್ತು. ಗ್ಲೋರಿಯಾ ಇವರ ಕಡೆ ನೋಡಿದಳು. ಅವರು ಹಿಮದ ಕಡೆ ನೋಡಿದರು. "ಬೇಗ ಮುಗ್ಸಪ್ಪಾ," ಅಂದರು.

ಬೆಂಗಳೂರಿನಲ್ಲಿ ಆಗ ಒಂಬತ್ತೂ ಮುಕ್ಕಾಲು. ತಾಯಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದರು, ಮಗನ ಮುಖ ಕಂಡು ಅತ್ತರು, ಪಕ್ಕದ ಮನೆಯವರನ್ನು ಕರೆದರು, ಪಕ್ಕದ ಮನೆಯವರು ಅವರ ಮಾವನವರನ್ನು ಕರೆತಂದರು. ಕಾಲ್ ಎರಡು ಸಲ ಕಟ್ಟಾಯಿತು, ಎರಡು ಸಲವೂ ತಿರುಗಿ ಬಂತು. ಕೊನೆಗೆ ದ್ವಾರಕಾನಾಥರ ಕೈಗೆ ಫೋನು.

"ನೀವಿದೀರಾ ಅಂತ ಕಳ್ಸಿರೋದು ದ್ವಾರಕಾನಾಥ್ ಅವ್ರೇ. ಇಬ್ಬರನ್ನೂ ಜೋಪಾನವಾಗಿ ಕೆಳಗೆ ಕರ್ಕೊಂಡ್ ಬಂದ್ಬಿಡಿ. ಇಳಿದ ತಕ್ಷಣ ನಂಗೊಂದು ಫೋನ್ ಮಾಡ್ಬೇಕು."

"ನಾನಿದೀನಲ್ಲಮ್ಮಾ. ಇಬ್ರೂ ನನ್ನ ಮಕ್ಕಳಿದ್ದ ಹಾಗೆ."

"ಟ್ವೆಂಡೆ," ಅಂದಳು ಗ್ಲೋರಿಯಾ. ಅಂದರೆ ಹೊರಡೋಣ. ಎಂಟಕ್ಕೆ ಐದು ನಿಮಿಷವಿತ್ತು.

ಇಳಿಯುವಾಗ ದ್ವಾರಕಾನಾಥ್‌ಗೆ ಮೊದಲು ಕೇಳಿಸಿದ್ದು ಹನಿ. ಹತ್ತುವಾಗ ಸದ್ದಿಲ್ಲದೆ ಇದ್ದ ಬಂಡೆಗಳೆಲ್ಲ ಟಪ ಟಪ ತೊಟ್ಟಿಕ್ಕುತ್ತಿದ್ದವು. ಭೂಮಧ್ಯರೇಖೆಯ ಸೂರ್ಯ ಏಳುವುದು ತಡವಿರಬಹುದು, ಏರುವುದು ತಡವಿಲ್ಲ. ಎದುರಿನ ಕಣಿವೆಯಿಂದ ಹತ್ತಿಯ ರಾಶಿಯಂಥ ಮೋಡ ಮೇಲೆ ತೆವಳುತ್ತಿತ್ತು. ಇಳಿಜಾರಿನ ಅಂಚು ಮುಟ್ಟಿದಾಗ ಎಂಟೂ ನಲವತ್ತು.

ಗ್ಲೋರಿಯಾ ಹಿಮದೊಳಗೆ ಕೋಲು ಚುಚ್ಚಿದಳು. ಮೇಲಿನ ಒಂದು ಗೇಣು ಗಂಜಿ. ಅಡಿಗೆ ಟಣ್ಣೆಂದಿತು.

"ನಾನು ಮೊದಲು. ಹೆಜ್ಜೆ ಕಡಿದುಕೊಂಡು ಹೋಗ್ತೀನಿ. ನಾನು ಆಚೆ ಮುಟ್ಟಿ ಸೀಟಿ ಊದಿದ ಮೇಲೆ ಒಬ್ಬೊಬ್ಬರೇ ಬನ್ನಿ. ಪೋಲೆ ಪೋಲೆ, ಮೆಲ್ಲಗೆ."

ಅವಳು ಮೆಲ್ಲಗೆ, ಬೂಟಿನ ಮೊನೆಯಿಂದ ಒಂದೊಂದೇ ಗುಳಿ ಮಾಡುತ್ತ ದಾಟಿದಳು. ಸೀಟಿ ಕೇಳಿತು. ವೈಭವ್ ಹೊರಟ. ಅವನ ಹಿಂದೆ ಪ್ರಣತಿ ಸಿದ್ಧಳಾಗಿ ನಿಂತಳು. ದ್ವಾರಕಾನಾಥ್ ಕೊನೆಗೆ.

ವೈಭವ್ ಮೂವತ್ತು ಹೆಜ್ಜೆ ಹೋಗಿದ್ದಾಗ ದ್ವಾರಕಾನಾಥ್ ಸುಮ್ಮನೆ ತಮ್ಮ ಕಾಲು ನೋಡಿಕೊಂಡರು. ಬಲಗಾಲಿಗೆ ಸ್ಪೈಕು. ತಲೆ ಎತ್ತಿದರು. ಬಲಕ್ಕೆ ಬೆಟ್ಟವಿತ್ತು. ಕಣಿವೆ ಎಡಕ್ಕಿತ್ತು.

ಹೋಗುವಾಗ ಕಣಿವೆ ಕಡೆಯಿದ್ದ ಕಾಲು ಬರುವಾಗ ಬೆಟ್ಟದ ಕಡೆಗೆ ಬಂದಿತ್ತು. ಬಿಸ್ಕತ್ತಿನ ಪೊಟ್ಟಣದ ಮೇಲೆ ಅವರು ಬರೆದದ್ದು ಹೋಗುವ ದಾರಿ ಮಾತ್ರ. ಹತ್ತೊಂಬತ್ತು ವರ್ಷ ಗುಡ್ಡ ಅಳೆದ ಮನುಷ್ಯನಿಗೆ, ಹನ್ನೊಂದು ಸಲ ಹತ್ತಿದವನಿಗೆ, ತಿರುಗಿ ಬರುವ ದಾರಿ ಬರೆಯಬೇಕೆಂದು ಹೊಳೆದಿರಲಿಲ್ಲ. ಬಂಡೆಯ ಮೇಲೆ ಕೂತು ಸ್ಪೈಕನ್ನು ಎಡಗಾಲಿಗೆ ಬದಲಾಯಿಸಿದ್ದರೆ ಎರಡು ನಿಮಿಷದ ಕೆಲಸ. ಈಗ ವೈಭವ್ ಬಂಡೆಯ ಮೇಲಿರಲಿಲ್ಲ.

"ವೈಭವ್! ನಿಂತ್ಕೋ! ಎಡಗಾಲಿಗೆ ಭಾರ ಹಾಕ್ಬೇಡ!"

ಕೂಗಿದ್ದೂ ತಪ್ಪಾಯಿತು. ಅವನು ನಿಂತ, ಏನು ಎಂದು ಅರ್ಧ ತಿರುಗಿದ, ತಿರುಗಿದಾಗ ಭಾರವೆಲ್ಲ ಎಡಗಾಲಿಗೇ ಬಂತು. ಬರಿ ಶೂ ಒಂದು ಅಡಿ ಜಾರಿತು. ಅವನು ಬೆಟ್ಟಕ್ಕೆ ಎದೆ ಅಂಟಿಸಿ, ಎರಡೂ ಕೈ ಹಿಮದೊಳಗೆ ಹೂತು, ಹಾಗೇ ಉಳಿದ. ಅವನ ಕಾಲಡಿಯಿಂದ ಕಿತ್ತು ಬಂದ ಹಿಮದ ಮುದ್ದೆ ಉರುಳುತ್ತ ಉರುಳುತ್ತ ಹೋಗಿ ಕೆಳಗಿನ ಕಲ್ಲಿಗೆ ಬಡಿಯಿತು. ಆ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

"ಅಂಕಲ್," ಅಂದ. ಜೋರಾಗಿ ಕೂಗಲಿಲ್ಲ. "ಅಂಕಲ್, ನಂಗೆ ಕಾಲು ಎತ್ತಕ್ಕಾಗ್ತಿಲ್ಲ."

ಪ್ರಣತಿ ಮುಂದೆ ಹೆಜ್ಜೆಯಿಡಲು ಹೋದಳು. ದ್ವಾರಕಾನಾಥ್ ಅವಳ ಬ್ಯಾಗು ಹಿಡಿದು ಎಳೆದರು.

"ಕೂತ್ಕೋ. ನಿನ್ನ ಒಂದು ಸ್ಪೈಕ್ ಬಿಚ್ಚು. ಕೊಡು ಇಲ್ಲಿ."

"ನಾನು ಹೋಗ್ತೀನಿ ಅಂಕಲ್, ನನ್ನ ಗಂಡ ಅವ್ನು!"

"ನೀನು ಹೋದ್ರೆ ಅವ್ನ ಜೊತೆ ನೀನೂ ಅಲ್ಲೇ ಅಂಟ್ಕೋತೀಯ. ಬಿಚ್ಚಮ್ಮಾ. ನಾನ್ ವಾಪಸ್ ಕೊಡೋ ತನಕ ಈ ಕಲ್ಲು ಬಿಟ್ಟು ಕದಲಬೇಡ."

ಹಲ್ಲಿನಿಂದ ಕಚ್ಚಿ ರಬ್ಬರ್ ಎಳೆದು ಎಡಗಾಲಿಗೂ ಹಾಕಿಕೊಂಡರು. ಎದ್ದು ಹಿಮಕ್ಕೆ ಇಳಿದರು. ಹಗ್ಗವಿರಲಿಲ್ಲ, ನಡೆದು ಹೋಗುವ ಆ ದಾರಿಗೆ ಯಾರೂ ಹಗ್ಗ ಒಯ್ಯುವುದಿಲ್ಲ. ಗಂಜಿಯಾದ ಹಿಮ ಸ್ಪೈಕಿನ ಹಲ್ಲುಗಳ ನಡುವೆ ಅಂಟಿ ಉಂಡೆಯಾಗುತ್ತಿತ್ತು, ಮೂರು ಹೆಜ್ಜೆಗೊಮ್ಮೆ ಕಾಲಿಗೆ ಕಾಲು ಕುಟ್ಟಿ ಉದುರಿಸಬೇಕಿತ್ತು. ಕುಟ್ಟುವ ಗಳಿಗೆಯಲ್ಲಿ ಒಂದೇ ಕಾಲ ಮೇಲೆ ನಿಲ್ಲಬೇಕಿತ್ತು. ಅವರು ಕೆಳಗೆ ನೋಡಲಿಲ್ಲ. ಹಿಮದೊಳಗಿನಿಂದ ನೀರಿನ ಸದ್ದು ಈಗ ಕಾಲ ಕೆಳಗೇ ಕೇಳುತ್ತಿತ್ತು.

ವೈಭವ್ ಹತ್ತಿರ ಮುಟ್ಟಿ, ಅವನಿಗಿಂತ ಒಂದು ಅಡಿ ಕೆಳಗೆ ನಿಂತು, ತಮ್ಮ ಬಲಗಾಲನ್ನು ಹಿಮಕ್ಕೆ ಅಡ್ಡವಾಗಿ ಊರಿದರು.

"ನಿನ್ನ ಎಡಗಾಲು ನನ್ನ ಶೂ ಮೇಲಿಡು."

"ನೀವ್ ಜಾರ್ತೀರಾ ಅಂಕಲ್."

"ಮಾತು ಆಮೇಲೆ. ಮೆಟ್ಟಿಲು ಅಂದ್ಕೋ. ಇಡು."

ಅವನು ಇಟ್ಟ. ಅವನ ಬಲಗಾಲಿನ ಹಲ್ಲು ಬೆಟ್ಟಕ್ಕೆ ಕಚ್ಚಿತು, ಎಡಗಾಲು ಇವರ ಶೂ ಮೇಲೆ. ಒಂದು ಹೆಜ್ಜೆ. ಇವರು ಕಾಲು ಎಳೆದುಕೊಂಡು ಮುಂದೆ ಊರಿದರು. ಅವನು ಮತ್ತೆ ಇಟ್ಟ. ಹೀಗೆ ಒಬ್ಬನ ಕಾಲಿಗೆ ಇನ್ನೊಬ್ಬರ ಕಾಲು ಮೆಟ್ಟಿಲಾಗಿ ನಲವತ್ತೈದು ಹೆಜ್ಜೆ. ಅವನ ತೂಕ ಪ್ರತಿ ಸಲವೂ ಇವರ ಬೆರಳುಗಳ ಮೇಲೆ ಬೀಳುತ್ತಿತ್ತು. ಆಚೆಯಿಂದ ಗ್ಲೋರಿಯಾ ತಿರುಗಿ ಒಳಕ್ಕೆ ಬಂದಿದ್ದಳು. ಕೈಚಾಚಿ ವೈಭವ್‌ನ ಮಣಿಕಟ್ಟು ಹಿಡಿದಳು.

"ಹಿಡ್ದೆ. ಮ್ಜೇ, ಇವನನ್ನ ಹಿಡ್ದಿದೀನಿ. ನೀವು ಮೇಲೆ ಬನ್ನಿ."

ಬಂಡೆ ಐದು ಹೆಜ್ಜೆ ದೂರದಲ್ಲಿತ್ತು. ದ್ವಾರಕಾನಾಥ್ ಬಲಗಾಲು ಎತ್ತಿದರು. ಅದರ ಅಡಿಗೆ ಕಟ್ಟಿದ್ದ ಹಿಮದ ಉಂಡೆಯನ್ನು ಉದುರಿಸಲು ಅವರಿಗೆ ಬಹಳ ಹೊತ್ತಿನಿಂದ ಆಗಿರಲಿಲ್ಲ. ಅವರು ನಿಂತಿದ್ದ ಪದರ ಮೊದಲು ಒಂದು ನಿಟ್ಟುಸಿರಿನಂಥ ಸದ್ದು ಮಾಡಿತು. ಆಮೇಲೆ ಚಾಪೆ ಎಳೆದ ಹಾಗೆ ಹೊರಟಿತು. ವೈಭವ್ ಇನ್ನೊಂದು ಕೈ ಚಾಚಿದ. ಸಿಗಲಿಲ್ಲ.

ಬಿದ್ದದ್ದು ಅವರಿಗೆ ಪೂರ್ತಿ ನೆನಪಿಲ್ಲ. ಆಕಾಶ ಒಮ್ಮೆ, ಬಿಳಿ ಒಮ್ಮೆ, ಆಮೇಲೆ ಕಲ್ಲು. ಕೊಳದ ದಡದಲ್ಲಿ ಬೆನ್ನ ಮೇಲೆ ಬಿದ್ದಿದ್ದರು. ಎಡಗಾಲು ನೆಟ್ಟಗಿತ್ತು. ಬಲಗಾಲು ತೊಡೆಯ ಮಧ್ಯದಲ್ಲಿ, ಬಾಗಬಾರದ ಕಡೆ, ಬಾಗಿತ್ತು. ನೋವು ಇನ್ನೂ ಬಂದಿರಲಿಲ್ಲ. ಬರುತ್ತದೆ ಎಂದು ಮಾತ್ರ ಗೊತ್ತಿತ್ತು.

ವೈಭವನನ್ನು ಬಂಡೆಗೆ ಮುಟ್ಟಿಸಿ ಗ್ಲೋರಿಯಾ ಕಲ್ಲುಗಳ ಮೇಲಿಂದ ಇಳಿದು ಬಂದಳು. ಅವನೂ ಹಿಂದೆಯೇ ಬಂದ, ಮುಖ ಸುಣ್ಣವಾಗಿತ್ತು. ಅವಳು ಕಾಲು ನೋಡಿದಳು, ಮುಟ್ಟಲಿಲ್ಲ. ತನ್ನ ಕೋಟು ಬಿಚ್ಚಿ ಹೊದಿಸಿದಳು. ವೈಭವ್‌ಗೆ ಕ್ಯಾಂಪಿನ ದಾರಿ ತೋರಿಸಿದಳು. ಇಲ್ಲಿಂದ ಕೆಳಗೆ ಹಿಮವಿಲ್ಲ, ಓಡು, ರೇಡಿಯೋ ಇದೆ, ಸ್ಟ್ರೆಚರ್ ಕಳಿಸು ಅನ್ನು.

"ಅಂಕಲ್, ಸಾರಿ ಅಂಕಲ್..."

"ಹೋಗಪ್ಪಾ. ಅಳೋಕೆ ಟೈಮಿಲ್ಲ. ಪೋಲೆ ಪೋಲೆ ಹೋಗು, ನೀನೂ ಬೀಳ್ಬೇಡ."

ಅವನು ಹೋದ. ಮೋಡ ಅಷ್ಟರಲ್ಲಿ ಕೊಳಕ್ಕೆ ಬಂದಿತ್ತು. ಆಚೆ ದಡ ಕಾಣಲಿಲ್ಲ, ಆಮೇಲೆ ನೀರೂ ಕಾಣಲಿಲ್ಲ. ಮೇಲಿನ ಇಳಿಜಾರು ಅರ್ಧ ಅಳಿಸಿಹೋಗಿತ್ತು. ಅದರ ಆ ತುದಿಯಲ್ಲಿ, ಒಂದು ಬಂಡೆಯ ಮೇಲೆ, ಒಂದೇ ಕಾಲಿಗೆ ಸ್ಪೈಕಿದ್ದ ಪ್ರಣತಿ ಒಬ್ಬಳೇ ಇದ್ದಳು. ಅವಳು ಕೂಗುತ್ತಿದ್ದಳು. ಇಬ್ಬರ ಹೆಸರನ್ನೂ ಕೂಗುತ್ತಿದ್ದಳು.

"ಮ್ಜೇ, ನಾನು ನಿಮ್ಮ ಹತ್ರ ಇರ್ಬೇಕು," ಅಂದಳು ಗ್ಲೋರಿಯಾ. "ಒಳಗೇ ರಕ್ತ ಸೋರ್ತಿದ್ರೆ..."

"ಅವಳಿಗೆ ಕದಲಬೇಡ ಅಂದಿದೀನಿ. ಆದ್ರೆ ಕದಲ್ತಾಳೆ. ಇನ್ನು ಐದು ನಿಮಿಷ, ನೋಡ್ತಿರು. ಅವಳ ಗಂಡ ಬಿದ್ದ ಅಂದ್ಕೊಂಡಿದಾಳೆ."

ಅವರು ಎಡಗಾಲು ಎಳೆದುಕೊಂಡು ಸ್ಪೈಕು ಬಿಚ್ಚಿದರು. ಬಲಗಾಲಿನದು ಬಿಚ್ಚಲು ಹೋದಾಗ ನೋವು ಬಂತು. ಒಂದೇ ಸಲಕ್ಕೆ ಎಲ್ಲವೂ ಬಂತು. ಕಣ್ಣು ಕತ್ತಲಿಟ್ಟಿತು, ಗ್ಲೋರಿಯಾ ಭುಜ ಹಿಡಿದಳು. ಅವಳೇ ಬಾಗಿ ರಬ್ಬರ್ ಸುಲಿದು ತೆಗೆದಳು. ಅದಕ್ಕೆ ಇನ್ನೂ ಹಿಮದ ಉಂಡೆ ಅಂಟಿಕೊಂಡೇ ಇತ್ತು.

"ಒಂದು ಸಾಕಲ್ಲ ಅವಳಿಗೆ?"

"ಎರಡೂ ತಗೊಂಡು ಹೋಗು. ಒಂದು ಮುರಿದ್ರೆ ಇನ್ನೊಂದು ಇರ್ಲಿ. ಎರಡೂ ಕಾಲಿಗೆ ಹಾಕ್ಸು, ನಿನ್ನ ಕೈಯಾರೆ ಎಳೆದು ನೋಡು."

ಅವಳು ಮಂಜಿನೊಳಗೆ ಹತ್ತಿ ಮಾಯವಾದಳು. ಬೂಟಿನ ಸದ್ದೂ ನಿಂತಿತು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಮೇಲಿನಿಂದ, ಎಲ್ಲಿಂದ ಎಂದು ತಿಳಿಯದ ಹಾಗೆ, ಪ್ರಣತಿಯ ಧ್ವನಿ: "ನಂಗಾಗಲ್ಲ. ಏನೂ ಕಾಣ್ತಿಲ್ಲ. ನಂಗಾಗಲ್ಲ." ಗ್ಲೋರಿಯಾ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ಪ್ರಣತಿಗೆ ಆಗ ಯಾವ ಇಂಗ್ಲಿಷೂ ಕಿವಿಗೆ ಹೋಗುತ್ತಿರಲಿಲ್ಲ.

ದ್ವಾರಕಾನಾಥ್ ಎದೆಯಲ್ಲಿ ಉಳಿದಿದ್ದ ಗಾಳಿಯನ್ನೆಲ್ಲ ಸೇರಿಸಿ ಕೂಗಿದರು.

"ಪ್ರಣತೀ! ವೈಭವ್ ಚೆನ್ನಾಗಿದಾನೆ! ಕೆಳಗೆ ಇಳಿದ! ನಾನಿಲ್ಲೇ ಇದೀನಿ!"

ನಂಗಾಗಲ್ಲ ಎಂಬ ಕೂಗು ನಿಂತಿತು. ಆಮೇಲೆ: "ನಿಜವಾಗ್ಲೂ ಅಂಕಲ್?"

"ನಿಜ. ಈಗ ನಾನು ಎಣಿಸ್ತೀನಿ. ಒಂದು ಅಂದಾಗ ಒಂದು ಹೆಜ್ಜೆ. ನಾನು ಹೇಳದೆ ಇನ್ನೊಂದು ಇಡ್ಬಾರ್ದು. ಒಂದು!"

ಮಂಜಿನೊಳಗಿನಿಂದ ಸರಪಳಿ ಹಿಮಕ್ಕೆ ಕಚ್ಚುವ ಸಣ್ಣ ಸದ್ದು ಬಂತು.

"ಎರಡು."

ಹತ್ತಕ್ಕೆ ಬಾಯಿ ಒಣಗಿತು. ಇಪ್ಪತ್ತಕ್ಕೆ ಹಲ್ಲು ಕಟಕಟ ಹೊಡೆಯತೊಡಗಿತು. ಹಲ್ಲುಗಳ ನಡುವಿನಿಂದಲೇ ಎಣಿಸಿದರು. ಮೂವತ್ತೆರಡಕ್ಕೆ ಮೇಲಿನಿಂದ ಹಿಮದ ಮುದ್ದೆಯೊಂದು ಉರುಳಿ ಅವರ ಪಕ್ಕದ ಕಲ್ಲಿಗೆ ಬಡಿಯಿತು, ಪ್ರಣತಿ ಚೀರಿದಳು, ಅವರು ಉಸಿರು ಹಿಡಿದು ಕಾದರು. ಬೇರೇನೂ ಬೀಳಲಿಲ್ಲ. "ಮೂವತ್ಮೂರು," ಅಂದರು. ಐವತ್ತರ ಆಚೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕಾಲು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಪ್ಪತ್ತರಲ್ಲಿ ಒಂದು ಅಂಕಿ ತಪ್ಪಿತು, ತಿರುಗಿ ಎಪ್ಪತ್ತನ್ನೇ ಹೇಳಿದರು, ಅವಳು ಒಂದು ಹೆಜ್ಜೆ ಹೆಚ್ಚಿಟ್ಟರೂ ಪರವಾಗಿಲ್ಲ, ಕಡಿಮೆಯಾಗಬಾರದು ಎಂದುಕೊಂಡು.

ಎಂಬತ್ನಾಲ್ಕು ಅಂದಾಗ ಮೇಲೆ ಸೀಟಿ ಕೇಳಿತು. ಎರಡು ಸಲ ಕೇಳಿತು. ಆಮೇಲೆ ಪ್ರಣತಿ ಬಿಕ್ಕಿ ಬಿಕ್ಕಿ ಅಳುವ ಸದ್ದು, ಕಲ್ಲಿನ ಮೇಲೆ ಸರಪಳಿ ಉಜ್ಜುವ ಸದ್ದು.

ದ್ವಾರಕಾನಾಥ್ ಕೇಳಿಸಿಕೊಂಡರು. ಆದರೂ ಎಂಬತ್ತೈದು ಅಂದರು, ಎಂಬತ್ತಾರು ಅಂದರು. ನಿಲ್ಲಿಸಿದರೆ ಅವಳು ಎಲ್ಲಾದರೂ ನಿಂತುಬಿಟ್ಟಾಳು ಅನ್ನುವ ಹಾಗೆ, ಯಾರಿಗೂ ಕೇಳದ ದನಿಯಲ್ಲಿ, ಬಿಳಿ ಮಂಜಿಗೆ ಮುಖ ಮಾಡಿ ನೂರರ ತನಕ ಎಣಿಸಿ, ಗ್ಲೋರಿಯಾಳ ಕೋಟನ್ನು ತಲೆಯ ಮೇಲೆ ಎಳೆದುಕೊಂಡು ಸ್ಟ್ರೆಚರಿಗೆ ಕಾದರು.